ಚಿನ್ನದ ವರಹಗಳ ತಂಬೂರಿ, ನಮ್ಮಪ್ಪನ ತಂಬೂರಿ

ಒಂದು ಹಾಡಿನ ಆಲ್ಬಮ್ ಬಗ್ಗೆ ಬರೀಬೇಕು ಅಂತ ವಾರದಿಂದ ತಲೇಲಿ ಕೂತಿದೆ. ಉದ್ದ ಆಗುತ್ತೆ ಗೆಳೆಯರೇ, ಪುರುಸೊತ್ತಾದಾಗ ಓದಿ.

ಆಲ್ಬಮ್ ನಮ್ಮದಲ್ಲ, ಕ್ರೊಯೇಷಿಯಾದ್ದು. ಹೆಸರು 'ಹ್ರ್ವಾತ್ಸ್ಕಾ ಪ್ಯೆಸ್ಮಾರಿತ್ಸಾ', ಅಂದ್ರೆ ಕ್ರೊಯೇಷಿಯಾದ ಹಾಡಿನ ಪುಸ್ತಕ. ಹಾಡಿದವರು 'ಝ್ಲಾತ್ನಿ ದುಕಾತಿ' ಅನ್ನೋ ತಂಡ. ನಮ್ಮ ಮಾತಲ್ಲಿ 'ಚಿನ್ನದ ವರಹಗಳು' ಅನ್ನಬಹುದು. ಬಂದಿದ್ದು 1989ರಲ್ಲಿ.

ಅಲ್ಲಿಗೆ ನಾನು ಹೋಗಿದ್ದು ದಾರಿ ತಪ್ಪಿ. ನಮ್ಮಪ್ಪ ನೀಲಗಾರರ ಮೇಳದಲ್ಲಿ ತಂಬೂರಿ ಹಿಡಿದು ಮಂಟೇಸ್ವಾಮಿ ಪದ, ಸಿದ್ದಪ್ಪಾಜಿ ಪದ ಹಾಡ್ತಿದ್ದೋರು. ಅಪ್ಪ ತೀರ್ಕೊಂಡ ಮೇಲೆ ತಂಬೂರಿ ಗೋಡೆ ಮೇಲೆ ಇದೆ, ನುಡಿಸೋರಿಲ್ಲ. ಒಂದು ರಾತ್ರಿ ಅಪ್ಪನ ನೆನಪಾಗಿ ಯೂಟ್ಯೂಬಲ್ಲಿ 'ತಂಬುರಾ' ಅಂತ ಹುಡುಕಿದೆ. ಚಿಕ್ಕಲ್ಲೂರು ಜಾತ್ರೆ ಬರಬೇಕಿದ್ದ ಕಡೆ ಯುರೋಪಿನ ಒಂದು ಮೇಳ ಬಂತು! ಪುಟಾಣಿ ಮ್ಯಾಂಡೊಲಿನ್ ಥರದ ವಾದ್ಯಗಳು, ಹಿಂದೆ ಆಳೆತ್ತರದ್ದೊಂದು. ಅದಕ್ಕೂ ಅವರು ತಂಬುರಾ ಅಂತಾರೆ, ಪ್ರೀತಿಯಿಂದ ತಂಬುರಿತ್ಸಾ.

ಹೆಸರು ಒಂದೇ ಆಗಿರೋದು ಕಾಕತಾಳೀಯ ಅಲ್ಲ. ಪರ್ಷಿಯಾ ಕಡೆಯ 'ತಂಬೂರ್' ಅನ್ನೋ ಮಾತು ಒಂದು ದಿಕ್ಕಿಗೆ ನಮ್ಮ ಕಡೆ ಬಂತು, ಇನ್ನೊಂದು ದಿಕ್ಕಿಗೆ ಆಟೊಮನ್ ತುರ್ಕರ ಜೊತೆ ಬಾಲ್ಕನ್ನಿಗೆ ಹೋಯ್ತು. ನಮ್ಮ ತಂಬೂರಿ ಶ್ರುತಿ ಹಿಡಿಯುತ್ತೆ. ಅವರದ್ದು ರಾಗಾನೇ ನುಡಿಸುತ್ತೆ. ಸಣ್ಣದು ಬಿಸೆರ್ನಿತ್ಸಾ, ಮುಂದೆ ಓಡುತ್ತೆ. ದೊಡ್ಡದು ಬೆರ್ದಾ, ಹಿಂದೆ ನಿಂತು ಗುಮ್ಮೆನ್ನುತ್ತೆ. ಭಾಷೆ ಒಂದಕ್ಷರ ಗೊತ್ತಿಲ್ಲ ನಂಗೆ. ಆದ್ರೂ ಎರಡನೇ ಹಾಡಿಗೆ ಎದ್ದು ಕೂತಿದ್ದೆ. ಹೋರಾಟದ ಹಾಡು ಹಾಡಿದ ಗಂಟಲಿಗೆ ಇನ್ನೊಬ್ಬರ ಹೋರಾಟದ ಹಾಡು ಗೊತ್ತಾಗುತ್ತೆ.

ಆಮೇಲೆ ಓದ್ತಾ ಹೋದೆ.

ಆಗ ಕ್ರೊಯೇಷಿಯಾ ಯುಗೊಸ್ಲಾವಿಯಾದ ಒಳಗಿನ ಒಂದು ಗಣರಾಜ್ಯ. ಅಲ್ಲಿ 'ನಾನು ಕ್ರೊಯೇಷಿಯಾದವನು' ಅಂತ ಎದೆ ಎತ್ತಿ ಹಾಡೋದು ಅನುಮಾನದ ಕೆಲಸ ಆಗಿತ್ತು. ಅದಕ್ಕೆ ಕಾರಣಾನೂ ಇತ್ತು. 1941ರಿಂದ 45ರವರೆಗೆ ಉಸ್ತಾಷಾ ಅನ್ನೋ ಫ್ಯಾಸಿಸ್ಟರು ಕ್ರೊಯೇಷಿಯಾದ ಹೆಸರಲ್ಲೇ ಸೆರ್ಬರು, ಯಹೂದಿಗಳು, ರೋಮಾ ಜನರನ್ನ ಕೊಂದಿದ್ರು. ಆದ್ರೆ ಆ ಅನುಮಾನ 19ನೇ ಶತಮಾನದ ಹಳೇ ನಾಡಹಾಡುಗಳ ಮೇಲೂ ಬಿತ್ತು. 1971ರಲ್ಲಿ 'ಕ್ರೊಯೇಷಿಯಾದ ವಸಂತ' ಅಂತ ಕರೆಯೋ ಚಳವಳಿ ಹತ್ತಿಕ್ಕಿದಾಗ ವಿತ್ಸೆ ವೂಕೊವ್ ಅನ್ನೋ ಗಾಯಕನಿಗೆ ವೇದಿಕೆಯೇ ಇಲ್ಲದಂಗೆ ಮಾಡಿದ್ರು. 1963, 1965ರಲ್ಲಿ ಯೂರೊವಿಷನ್ ಸ್ಪರ್ಧೆಗೆ ಯುಗೊಸ್ಲಾವಿಯಾನೇ ಕಳಿಸಿದ್ದ ಗಾಯಕ ಆತ. ಮತ್ತೆ ವೇದಿಕೆ ಹತ್ತಿದ್ದು 1989ರಲ್ಲಿ. ಹೆಚ್ಚುಕಮ್ಮಿ 18 ವರ್ಷ. ಹಾಡೋನ ಗಂಟಲಿಗೆ 18 ವರ್ಷ ಬೀಗ ಅಂದ್ರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1989ರಲ್ಲಿ ಈ ಆಲ್ಬಮ್ ಬಂತು. ಹೊರತಂದಿದ್ದು ಯಾವ ಕಂಪನಿ ಗೊತ್ತಾ? ಯುಗೊತೋನ್! ಯುಗೊಸ್ಲಾವಿಯಾದ ಹೆಸರನ್ನೇ ಹೊತ್ತಿದ್ದ ಕಂಪನಿ. ಆ ದೇಶ ಒಡೆದಾಗ ಅದು 'ಕ್ರೊಯೇಷಿಯಾ ರೆಕಾರ್ಡ್ಸ್' ಆಯ್ತು.

ಅಜ್ಜ ಅಜ್ಜಿಯರು ಮನೆಯೊಳಗೆ ದನಿ ತಗ್ಗಿಸಿ ಹಾಡ್ತಿದ್ದುದನ್ನ ಟೇಪ್ ರೆಕಾರ್ಡರಲ್ಲಿ ಜೋರಾಗಿ ಹಾಕಿ ಕಿಟಕಿ ತೆಗೆದ ಹಾಗೆ ಅದು. ಹಳ್ಳಿ ಮದುವೆಯ ವಾದ್ಯ ಅಂತ ನಗರದ ಹುಡುಗರು ಮೂಗು ಮುರೀತಿದ್ದ ತಂಬುರಾಕ್ಕೆ ಒಮ್ಮೆಗೇ ಮರ್ಯಾದೆ ಬಂತು. 1990ರ ಏಪ್ರಿಲ್, ಮೇ ತಿಂಗಳಲ್ಲಿ ಬಹುಪಕ್ಷದ ಚುನಾವಣೆ ಆಯ್ತು, ಫ್ರಾನ್ಯೊ ತುಜ್ಮಾನ್ ಪಕ್ಷ ಗೆದ್ದಿತು. ಆ ಪಕ್ಷದ ಪ್ರಚಾರದಲ್ಲೂ ಈ 'ವರಹಗಳು' ಹಾಡಿದ್ರು. ಅದೇ ವರ್ಷ ಅಕ್ಟೋಬರಲ್ಲಿ, 1947ರಲ್ಲಿ ಕಿತ್ತು ಹಾಕಿದ್ದ ಯೆಲಾಚಿಚ್ ಪ್ರತಿಮೆ ಝಾಗ್ರೆಬ್ ಚೌಕಕ್ಕೆ ವಾಪಸ್ ಬಂತು. 1848ರಲ್ಲಿ ಕ್ರೊಯೇಷಿಯಾದ ರೈತರ ಜೀತ ರದ್ದು ಮಾಡಿದ ಆಡಳಿತಗಾರ ಆತ. ಅದೇ ಮನುಷ್ಯ ಹಂಗೇರಿಯ ಕ್ರಾಂತಿ ಹತ್ತಿಕ್ಕೋಕೆ ಸೈನ್ಯ ತಗೊಂಡು ಹೋಗಿದ್ದ.

ಇಲ್ಲೀತನಕ ನಾನು ಪೂರಾ ಅವರ ಕಡೆ. ಬಾಯಿ ಮುಚ್ಚಿಸಿಕೊಂಡೋರು ಹಾಡಿದ್ರೆ ನನ್ನ ಕೈ ತಾನಾಗೇ ತಾಳ ಹಾಕುತ್ತೆ.

1991ರ ಜೂನಲ್ಲಿ ಸ್ವಾತಂತ್ರ್ಯ ಘೋಷಣೆ, ಹಿಂದೇನೇ ಯುದ್ಧ. ತಂಬುರಾದ ತವರು ಅನಿಸಿಕೊಂಡ ಸ್ಲಾವೋನಿಯಾ ಸೀಮೆಯೇ ರಣರಂಗ ಆಯ್ತು. ಯುಗೊಸ್ಲಾವ್ ಸೇನೆ ಮತ್ತು ಸೆರ್ಬ್ ಪಡೆಗಳು ವೂಕೊವಾರ್ ಊರನ್ನ 87 ದಿನ ಮುತ್ತಿಗೆ ಹಾಕಿದ್ವು. ನವೆಂಬರಲ್ಲಿ ಊರು ಬಿದ್ದ ಮೇಲೆ ಆಸ್ಪತ್ರೆಯಿಂದ ಜನರನ್ನ ಒವ್ಚಾರಾಕ್ಕೆ ಎಳಕೊಂಡು ಹೋಗಿ ಕೊಂದ್ರು. ಅಂಥ ಹೊತ್ತಲ್ಲಿ ನಾಡಿನ ಹಾಡು ಜನಕ್ಕೆ ಅನ್ನದಷ್ಟೇ ಬೇಕಾಗಿತ್ತು ಅನ್ನೋದು ನಂಗೆ ಅರ್ಥ ಆಗುತ್ತೆ.

ಆದ್ರೆ ಅದೇ ನಾಡಲ್ಲಿ ಸೆರ್ಬರೂ ಇದ್ರು. 1991ರ ಜನಗಣತಿ ಪ್ರಕಾರ ನೂರಕ್ಕೆ 12 ಜನ. 1995ರ ಆಗಸ್ಟಲ್ಲಿ ಕ್ರೊಯೇಷಿಯಾ ಸೇನೆಯ ಕಾರ್ಯಾಚರಣೆ ನಡೆದಾಗ ಅವರಲ್ಲಿ ಲಕ್ಷಾಂತರ ಜನ ಟ್ರ್ಯಾಕ್ಟರ್ ಮೇಲೆ ಗಂಟುಮೂಟೆ ಹೇರಿಕೊಂಡು ಹೋದ್ರು. 2021ರ ಗಣತಿಯಲ್ಲಿ ಉಳಿದಿರೋದು ನೂರಕ್ಕೆ ಮೂರು ಚಿಲ್ಲರೆ. ಅವರನ್ನ ಓಡಿಸಿದ್ದು ಹಾಡಲ್ಲ, ಬಂದೂಕು. ಆದ್ರೆ ಆ ಹಾಡುಗಳ 'ನಾವು' ಒಳಗೆ ಅವರಿಗೆ ಜಾಗ ಇರಲಿಲ್ಲ.

ತಂಬುರಾ ಕ್ರೊಯೇಷಿಯಾದ ಗುರುತು ಅಂತ ಆಯ್ತಲ್ಲ, ಅದನ್ನ ಸೆರ್ಬರೂ ನುಡಿಸ್ತಾರೆ, ಹಂಗೇರಿಯವರೂ ನುಡಿಸ್ತಾರೆ. ಆ ವಾದ್ಯದ ದೊಡ್ಡ ಹೆಸರುಗಳಲ್ಲಿ ಒಬ್ಬ ಯಾನಿಕಾ ಬಾಲಾಝ್. ನೋವಿಸಾದ್ ಊರಿನ ರೇಡಿಯೊದಲ್ಲಿ ಬಾರಿಸ್ತಿದ್ದ ಆತ ತೀರಿಕೊಂಡಿದ್ದು 1988ರಲ್ಲಿ, ಈ ಆಲ್ಬಮ್ ಬರೋಕೆ ಒಂದು ವರ್ಷ ಮುಂಚೆ. ಆತ ರೋಮಾ.

ರೋಮಾ ಅಂದ್ರೆ ನೂರಾರು ವರ್ಷದ ಹಿಂದೆ ಇಂಡಿಯಾದಿಂದ ಹೋದ ಅಲೆಮಾರಿಗಳು. ಅವರ ಎಣಿಕೆ ಕೇಳಿ: ದುಯಿ, ತ್ರಿನ್, ಪಂಜ್. ಉಸ್ತಾಷಾದವರ ಯಾಸೆನೊವಾಟ್ಸ್ ಸಾವಿನ ಶಿಬಿರದಲ್ಲಿ ಸತ್ತವರ ಹೆಸರನ್ನ ಅಲ್ಲಿನ ಸ್ಮಾರಕದವರು ಒಂದೊಂದಾಗಿ ಪಟ್ಟಿ ಮಾಡಿದ್ದಾರೆ. ಅದರಲ್ಲಿ 16,173 ಹೆಸರು ರೋಮಾ ಜನರದ್ದು. ಮದುವೆ ಮನೆಯಲ್ಲಿ ಅವರ ವಾದ್ಯ ಬೇಕು, ಊರೊಳಗೆ ಅವರ ಮನೆ ಬೇಡ. ಈ ವಾಕ್ಯ ಬರೆಯೋಕೆ ನಾನು ಯುರೋಪಿಗೆ ಹೋಗಬೇಕಿರಲಿಲ್ಲ. ಊರ ಹಬ್ಬಕ್ಕೆ ನಮ್ಮ ತಮಟೆ ಬೇಕಾಗಿತ್ತು, ನಾವು ಗುಡಿ ಹೊರಗೆ ನಿಲ್ಲಬೇಕಾಗಿತ್ತು.

ಇದನ್ನ ಬರೆದು ಕೈ ತೊಳ್ಕೊಂಡಿದ್ರೆ ನಂಗೆ ಸುಲಭ ಆಗ್ತಿತ್ತು. ಆದ್ರೆ ಒಂದು ಮಾತು ಹೇಳದೆ ಇದ್ರೆ ಸುಳ್ಳಾಗುತ್ತೆ.

ಸುಮಾರು ವರ್ಷದ ಹಿಂದೆ ಒಂದು ಸಮಾವೇಶದಲ್ಲಿ ನಮ್ಮ ತಂಡ ಹಾಡಿತ್ತು. 'ನಾವು' 'ನಮ್ಮೋರು' 'ನಮ್ಮ ಕೇರಿ' ಅಂತ ಗಂಟಲು ಹರಿಯೋ ಹಂಗೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಇಳಿದು ಬಂದಾಗ ಹಕ್ಕಿಪಿಕ್ಕಿ ಕಾಲೊನಿಯ ಒಂದು ಹುಡುಗಿ, ಪಿಯುಸಿ ಓದ್ತಿದ್ಲು, ಹತ್ತಿರ ಬಂದು ಕೇಳಿದ್ಲು: "ಅಣ್ಣಾ, ಹಾಡು ಚೆನ್ನಾಗಿತ್ತು. ನಮಗೆ ಕೇರಿ ಇರ್ಲಿಲ್ಲ, ಟೆಂಟ್ ಇತ್ತು. ನಿಮ್ಮ ಹಾಡಲ್ಲಿ ನಾವು ಎಲ್ಲಿದ್ದೀವಿ?"

ನಾನು ನಕ್ಕು, "ಎಲ್ಲಾ ಒಂದೇ ಕಣವ್ವಾ" ಅಂದೆ. ಅವಳು ತಲೆ ಆಡಿಸಿ ಹೋದ್ಲು. 'ಎಲ್ಲಾ ಒಂದೇ' ಅನ್ನೋ ಮಾತನ್ನ ಮೇಲಿನೋರ ಬಾಯಲ್ಲಿ ಎಷ್ಟು ಸಲ ಕೇಳಿ ಉರ್ಕೊಂಡಿದ್ದೀನಿ ನಾನು! ಅವತ್ತು ಅದು ನನ್ನ ಬಾಯಿಂದಾನೇ ಬಂತು.

ಆ ಆಲ್ಬಮ್ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಅದನ್ನ ಹಾಡಿದ ಬಾಯಿಗಳಿಗೆ ಹಾಡೋ ಹಕ್ಕಿತ್ತು. ಆದ್ರೆ ಗೆದ್ದ ಮಾರನೇ ದಿನವೂ ಅದೇ ಹಾಡನ್ನ ಅಷ್ಟೇ ಜೋರಾಗಿ ಹಾಡೋ ಮುಂಚೆ ಪಕ್ಕದ ಮನೆಯೋರ ಮುಖ ಒಂದ್ಸಲ ನೋಡಬೇಕು. ಅವರೂ ಹಾಡ್ತಿದಾರಾ, ಇಲ್ಲಾ ಬಾಗಿಲು ಹಾಕ್ಕೊಂಡ್ರಾ?

ಈ ಭಾನುವಾರ ಅಪ್ಪನ ತಂಬೂರಿಗೆ ಹೊಸ ತಂತಿ ಹಾಕಿಸ್ತೀನಿ. ಆ ಹುಡುಗಿ ಈಗ ಅಂಗನವಾಡಿ ಟೀಚರ್ ಅಂತೆ. ಅವರ ವಾಗ್ರಿ ಮಾತಲ್ಲಿ ಹಾಡುಗಳಿದ್ರೆ ಹೇಳಿಕೊಡವ್ವಾ ಅಂತ ಕೇಳೋಕೆ ಹೋಗ್ತಿದ್ದೀನಿ. ಹಾಡೋದು ಅವಳು. ನಾನು ಶ್ರುತಿ ಹಿಡೀತೀನಿ.

ಜೈ ಭೀಮ್.