ನಗುವಿನ ಚಪ್ಪರದಡಿ

ಮಠದಲ್ಲಿ ಬೆಳೆದ ನನಗೆ ಚಲನಚಿತ್ರದ ಗೀಳಿಲ್ಲ. ಆದರೂ ಹುಣಸೂರು ಕೃಷ್ಣಮೂರ್ತಿಯವರ ‘ಮದುವೆ ಮಾಡಿ ನೋಡು’ (1965) ನೋಡಿ ಮನಸಾರೆ ನಕ್ಕಿದ್ದೇನೆ. ವರದಕ್ಷಿಣೆ ಕೈಸೇರಲಿಲ್ಲವೆಂದು ತಂದೆಯು ವರನನ್ನು ಮಂಟಪದಿಂದಲೇ ಎಬ್ಬಿಸಿಕೊಂಡು ಹೋಗುತ್ತಾನೆ. ಮಗನೋ ಹುಚ್ಚನಂತೆ ನಟಿಸಿ, ವಧುವನ್ನೇ ದಾದಿಯ ವೇಷದಲ್ಲಿ ಮನೆತುಂಬಿಸಿಕೊಳ್ಳುತ್ತಾನೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದು (1961) ಆಗ 4 ವರ್ಷವಷ್ಟೇ.

ಹವಳಗಾದ ಸುತ್ತಿನಲ್ಲಿ ಇಂದಿಗೂ ನಿಶ್ಚಯದ ದಿನ ತೊಲೆಗಳ ಲೆಕ್ಕ ಮುಗಿಯುವವರೆಗೆ ಜಂಗಮರಿಗೆ ಹೊರಜಗುಲಿಯೇ ಆಸನ! ಪಂಚಕಲಶದ ಮುಂದೆ ಕುಳಿತರೂ ಕನ್ಯಾಪಿತೃವಿನ ದೃಷ್ಟಿ ಲಿಂಗದ ಮೇಲಿರದು, ಬೀಗರ ಮುಖದ ಮೇಲಿರುತ್ತದೆ.

ಈಚೆಗೊಂದು ಮನೆಯಲ್ಲಿ ವರನೇ ಎದ್ದು, ತಂದೆಯ ಕೈಯಲ್ಲಿದ್ದ ಹುಂಡಾದ ಚೀಟಿಯನ್ನು ಹರಿದುಹಾಕಿದನು. ಹಿರಿಯರು ಮಿಕಿಮಿಕಿ ನೋಡಿದರು. ಒಳಮನೆಯಿಂದ ಹೆಣ್ಣುಮಕ್ಕಳ ನಗು ಕೇಳಿಸಿತು. ಹುಚ್ಚಿನ ವೇಷ ಹಾಕುವ ಪ್ರಸಂಗ ಅವನಿಗೆ ಬರಲಿಲ್ಲ.