ಗಾಜಿನ ತೊಟ್ಟಿಗೊಂದು ದೀಪ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನು ಮೀನಿನ ತೊಟ್ಟಿಯ ದೀಪವನ್ನು ಕುರಿತು ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. ನನ್ನ ಗೆಳೆಯನೊಬ್ಬನು, "ಮೀನಿನ ವಿಷಯ ಬರೆಯಯ್ಯಾ, ದೀಪದಲ್ಲೇನಿದೆ?" ಎಂದ. ಬರೆಯೋಣವೆಂದರೆ ನಾನು ಹೇಳಹೊರಟಿರುವ ಕಾಲದಲ್ಲಿ ತೊಟ್ಟಿಯೊಳಗೆ ಮೀನೇ ಇರಲಿಲ್ಲ.

ಸಂಗತಿ ಹೀಗೆ. ಭಾನುವಾರಗಳಲ್ಲಿ ನಾನು ಪೇಟೆಯ ಒಂದು ಬಣ್ಣದ ಮೀನಿನ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬಸ್ಸಿನ ಪಾಸು, ಪುಸ್ತಕಗಳ ಖರ್ಚು ಅದರಿಂದ ಸಾಗುತ್ತದೆ. ದಸರಾ ರಜೆಗೆ ಮುಂಚೆ ಅಂಗಡಿಯ ಯಜಮಾನರು ಮೂಲೆಯಲ್ಲಿ ಸೋರುತ್ತಿದ್ದ ತೊಟ್ಟಿಯೊಂದನ್ನು ತೋರಿಸಿ, "ಬೇಕಿದ್ದರೆ ತೆಗೆದುಕೊಂಡು ಹೋಗು" ಎಂದರು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಸಿಲಿಕೋನ್ ಅಂಟು ಬಳಿದು ಸೋರಿಕೆ ನಿಲ್ಲಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಒಯ್ದೆ. ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ಟು ಹರಿದರು.

ಅಡಿಯಲ್ಲಿ ತೋಟದ ಮಣ್ಣು, ಮೇಲೆ ತೊಳೆದ ಮರಳು, ಅದರ ಮೇಲೆ ಸುಮಾರು 50 ಲೀಟರು ನೀರು. ಗಿಡಗಳು ಎರಡು ಬಗೆ. ಒಂದು ವ್ಯಾಲಿಸ್ನೇರಿಯ. ಹೆಸರು ಕೇಳಿ ಬೆದರಬೇಕಾಗಿಲ್ಲ, ನೀರಿನ ಓಟಕ್ಕೆ ರಿಬ್ಬನ್ನಿನಂತೆ ಹೊರಳಾಡುವ ಉದ್ದ ಹುಲ್ಲು ಅದು, ನಮ್ಮ ದೇಶದ್ದೇ. ಇನ್ನೊಂದು ಕ್ರಿಪ್ಟೊಕೊರೈನ್. ಅದು ಕೆಸುವಿನ ಬಳಗಕ್ಕೆ ಸೇರಿದ್ದು. ಅಂಗಡಿಯಲ್ಲಿ ಮಾರದೆ ಉಳಿದ ನಾಲ್ಕು ಬುಡ ನನಗೆ ದೊರೆತವು.

ಇನ್ನು ದೀಪ. ನೀರೊಳಗಿನ ಗಿಡಕ್ಕೂ ಬೆಳಕೇ ಅನ್ನ. 1779ರಲ್ಲಿಯೇ ಇಂಗೆನ್‌ಹೌಸ್ ಎಂಬ ಡಚ್ ವೈದ್ಯನು, ನೀರಿನಲ್ಲಿ ಮುಳುಗಿಸಿದ ಎಲೆಗಳಿಂದ ಬಿಸಿಲಿನಲ್ಲಿ ಗುಳ್ಳೆಗಳೇಳುವುದನ್ನೂ ಕತ್ತಲೆಯಲ್ಲಿ ಅವು ನಿಲ್ಲುವುದನ್ನೂ ತೋರಿಸಿಕೊಟ್ಟಿದ್ದ. ನನಗೂ ಆ ಗುಳ್ಳೆಗಳನ್ನು ನೋಡುವ ಆಸೆ. ನನ್ನ ಓದುವ ಮೇಜಿನ ದೀಪವನ್ನು ತಂದು ತೊಟ್ಟಿಯ ಮೇಲೆ ಬಗ್ಗಿಸಿದೆ. ಅದರಲ್ಲಿದ್ದುದು 9 ವಾಟಿನ ಎಲ್‌ಇಡಿ ಬಲ್ಬು. ಪೆಟ್ಟಿಗೆಯ ಮೇಲೆ 6500 ಕೆಲ್ವಿನ್ ಎಂದಿತ್ತು, ಎಂದರೆ ಹಗಲಿನಂಥ ಬಿಳಿ ಬೆಳಕು. ಪ್ರಮಾಣ 900 ಲೂಮೆನ್. ಭಾಗಿಸಿದರೆ ಲೀಟರಿಗೆ 18. ಇಂಥ ಸಾಧು ಗಿಡಗಳಿಗೆ ಲೀಟರಿಗೆ 15ರಿಂದ 25 ಸಾಕೆಂಬುದು ಈ ಹವ್ಯಾಸದವರ ವಾಡಿಕೆಯ ಲೆಕ್ಕ. ಸಾಕಾಗಿತ್ತು. ಆದರೆ ಸಾಕೆನ್ನುವ ಬುದ್ಧಿ ನನಗಿರಲಿಲ್ಲ. ಇನ್ನೊಂದು 9 ವಾಟಿನ ಬಲ್ಬು ತಂದು ಪಕ್ಕದಲ್ಲಿ ತೂಗುಹಾಕಿ, ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಉರಿಸಿದೆ.

ಅಪ್ಪ ಅಡಿಕೆ ತೋಟದ ಕೂಲಿ ಮುಗಿಸಿ ಬಂದು ಇದನ್ನು ನೋಡಿದರು. ನಮ್ಮ ಮನೆಗೆ ಮೊದಲು ಬಂದ ಕರೆಂಟು ಭಾಗ್ಯಜ್ಯೋತಿಯದು, ಇಡೀ ಮನೆಗೆ ಒಂದೇ ದೀಪ. ಅಮ್ಮನ ಅಡಿಗೆಯೂ ನನ್ನ ಮಗ್ಗಿಯೂ ಅದರಡಿಯಲ್ಲಿಯೇ ನಡೆದವು. ನಾನು ಬಿ.ಎ.ಗೆ ಸೇರಿದ ವರ್ಷ, ಸುಗ್ಗಿಯಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿದ ಹಣದಿಂದ ಅಪ್ಪ ಆ ಮೇಜಿನ ದೀಪ ತಂದಿದ್ದರು.

"ಓದೋದಕ್ಕೆ ಅಂತ ತಂದಿದ್ದು ಕಣೋ ಅದು" ಎಂದರು. ಮತ್ತೇನೂ ಹೇಳಲಿಲ್ಲ. ಬೈದಿದ್ದರೆ ಮೇಲಾಗಿತ್ತು.

ಗುಳ್ಳೆಗಳು ಬರಲಿಲ್ಲ. ಎರಡನೆಯ ವಾರ ಗಾಜಿಗೆ ಕಂದು ಧೂಳಿನಂಥ ಪದರ ಹಿಡಿಯಿತು. ಮೂರನೆಯ ವಾರ ಎಲೆಗಳಿಗೆಲ್ಲ ಹಸುರು ನೂಲಿನಂಥ ಪಾಚಿ ಸುತ್ತಿಕೊಂಡಿತು. ಕ್ರಿಪ್ಟೊಕೊರೈನಿನ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕರಗಿಹೋದವು. ಮೂರನೆಯ ಬಲ್ಬು ತರೋಣವೇ ಎಂದುಕೊಂಡೆ! ಕೊನೆಗೆ ಎಲ್ಲವನ್ನೂ ಕಿತ್ತೆಸೆಯಲು ತೋಳು ಮಡಿಚಿ ಕೈ ಅದ್ದಿದಾಗ, ಜಗುಲಿಯಲ್ಲಿ ಕುಳಿತಿದ್ದ ಅಪ್ಪ ಎದ್ದು ಬಂದರು.

"ಬೇರು ನೋಡಿದ್ಯಾ ಮೊದಲು?"

ಒಂದು ಬುಡ ಎತ್ತಿದೆ. ಮೇಲೆ ಎಲೆಯಿಲ್ಲ, ಕೆಳಗೆ ಬೇರು ಬೆಳ್ಳಗೆ, ಗಟ್ಟಿಯಾಗಿತ್ತು.

"ನೆಡು ವಾಪಸ್ಸು. ದಿನಕ್ಕೆ ಎಷ್ಟು ಹೊತ್ತು ಉರಿಸ್ತೀಯ?"

"ಹನ್ನೆರಡು ಗಂಟೆ."

"ಅಡಿಕೆ ಸಸಿ ನೆಟ್ಟಾಗ ಬಾಳೆ ಯಾಕೆ ಹಾಕ್ತಾರೆ? ನೆರಳಿಗೆ. ಬೇರು ಹಿಡಿಯೋ ಮುಂಚೆ ಬಿಸಿಲು ಬಡಿಸಿದ್ರೆ ಸಸಿ ತಿನ್ನಲ್ಲ, ಕಳೆ ತಿನ್ನುತ್ತೆ."

ಮೂರು ವರ್ಷಗಳಲ್ಲಿ ನನ್ನ ಓದಿನ ಯಾವ ವಿಷಯವನ್ನೂ ಅಪ್ಪ ನನ್ನೊಡನೆ ಮಾತಾಡಿದವರಲ್ಲ. ನಾನೂ ಎತ್ತಿದವನಲ್ಲ, ಅವರಿಗೇನು ತಿಳಿದೀತು ಎಂದುಕೊಂಡಿದ್ದೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅವರೆಂದುದು ಅಕ್ಷರಶಃ ನಿಜ. ಹೊಸದಾಗಿ ನೆಟ್ಟ ಗಿಡ ಬೇರೂರುವವರೆಗೆ ಹೆಚ್ಚು ಬೆಳಕನ್ನು ಉಪಯೋಗಿಸಿಕೊಳ್ಳಲಾರದು. ಮಣ್ಣಿನಿಂದ ನೀರಿಗಿಳಿದ ಸಾರವೂ ಮಿಕ್ಕ ಬೆಳಕೂ ಬೇರಿನ ಹಂಗಿಲ್ಲದ ಪಾಚಿಯ ಪಾಲಾಗುತ್ತವೆ. ಕ್ರಿಪ್ಟೊಕೊರೈನ್ ಅಂತೂ ಜಾಗ ಬದಲಿಸಿದರೆ ಎಲೆ ಉದುರಿಸಿ ಬುಡದಿಂದ ಹೊಸದಾಗಿ ಚಿಗುರುವ ಜಾತಿ.

ಎರಡನೆಯ ಬಲ್ಬನ್ನು ತೆಗೆದೆ. ಮೇಜಿನ ದೀಪದ ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿದೆ. ಬೆಳಕು ದಿನಕ್ಕೆ ಆರೇ ಗಂಟೆ. ವಾರಕ್ಕೊಮ್ಮೆ ಮೂರರಲ್ಲೊಂದು ಪಾಲು ನೀರು ಬದಲು. ಗಾಜಿನ ಪಾಚಿಯನ್ನು ಕೆರೆಯಲು ಪ್ರಥಮ ವರ್ಷದ ಗುರುತಿನ ಚೀಟಿ ಬಹಳ ಅನುಕೂಲವಾಯಿತು, ಪ್ರಾಂಶುಪಾಲರು ಕ್ಷಮಿಸಬೇಕು. 1850ರಲ್ಲಿ ಲಂಡನ್ನಿನ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಇದೇ ವ್ಯಾಲಿಸ್ನೇರಿಯವನ್ನೂ ಚಿನ್ನದ ಮೀನನ್ನೂ ಜೊತೆಗಿಟ್ಟು ಪರೀಕ್ಷಿಸಿದಾಗ ಅವನ ಗಾಜಿಗೂ ಪಾಚಿ ಹಿಡಿದಿತ್ತಂತೆ. ಬಸವನಹುಳುಗಳನ್ನು ಬಿಟ್ಟು ಅವನು ಪಾರಾದ. ನಾನೂ ಅಂಗಡಿಯಿಂದ ಆರು ಪುಟ್ಟ ಹುಳುಗಳನ್ನು ತಂದೆ. ಹತ್ತು ದಿನಕ್ಕೆ ಬೋಳು ಬುಡದಲ್ಲಿ ಉಗುರಿನಷ್ಟು ಚಿಗುರು ಕಂಡಿತು. ಮೊದಲು ಕಂಡವರು ಅಪ್ಪ.

ಆಮೇಲೆ ಒಂದು ಟೈಮರ್ ತಂದು ಸಿಕ್ಕಿಸಿದೆ. ಗಡಿಯಾರದಂತೆ ಚಕ್ರ ತಿರುಗುವ ಅಗ್ಗದ ಬಗೆ. ಅದರ ದೋಷವೊಂದೇ: ಕರೆಂಟು ಹೋದರೆ ಚಕ್ರವೂ ನಿಲ್ಲುತ್ತದೆ. ನಮ್ಮೂರಿನಲ್ಲಿ ಕರೆಂಟು ಹೋಗುವ ಬಗೆ ನಿಮಗೆ ಹೇಳಬೇಕಾಗಿಲ್ಲ. ಒಂದು ವಾರ ಹೀಗೆ ತಡವಾಗುತ್ತ ಆಗುತ್ತ, ಸಂಜೆ ಆರಕ್ಕೆ ಆರಬೇಕಾದ ದೀಪ ನಡುರಾತ್ರಿಯಲ್ಲಿ ಬೆಳಗುತ್ತಿತ್ತು. ನೀರು ಕುಡಿಯಲೆದ್ದ ಅಮ್ಮ ಹೆದರಿಕೊಂಡರು.

ಈಗ ಗುಳ್ಳೆಗಳೇಳುತ್ತವೆ. ಮಧ್ಯಾಹ್ನ ಮೂರರ ಹೊತ್ತಿಗೆ ಎಲೆಯಂಚಿನಲ್ಲಿ ಸಾಸಿವೆಯಷ್ಟು ಕೂತು, ಒಂದೊಂದಾಗಿ ಮೇಲೇರುತ್ತವೆ. ಮೀನುಗಳೂ ಬಂದಿವೆ, ಐದು.

ಮೊನ್ನೆ ಪರೀಕ್ಷೆಗಾಗಿ ಪೇಟೆಯಲ್ಲಿ ಗೆಳೆಯನ ಕೋಣೆಯಲ್ಲಿದ್ದಾಗ ಅಪ್ಪನ ಫೋನು ಬಂತು.

"ನಿನ್ನೆ ಮೂರು ಗಂಟೆ ಕರೆಂಟಿರಲಿಲ್ಲ. ಚಕ್ರ ಮೂರು ಗಂಟೆ ಮುಂದಕ್ಕೆ ತಿರುಗಿಸಿದ್ದೀನಿ, ಸರೀನಾ?"

"ಸರಿ ಅಪ್ಪಾ."

"ಆ ದೀಪ ಕಳಿಸಲಾ? ಪರೀಕ್ಷೆ ಅಲ್ವಾ?"

"ಬೇಡ, ಅಲ್ಲೇ ಇರಲಿ. ಇಲ್ಲಿ ಬೆಳಕಿದೆ" ಎಂದೆ.