ಹಳ್ಳಿಯಲ್ಲೇ ಬೆಳೆದವಳಿಗೆ ಗ್ರಾಮೀಣ ಕೋಟಾ ಇಲ್ಲ

ಸಿಇಟಿ ಫಲಿತಾಂಶ ಬಂದ ದಿನ ಪೇಪರ್ ಆಫೀಸಿನಿಂದ ನನಗೆ ಬರುವ ಫೋನ್ ಪ್ರತಿ ವರ್ಷ ಒಂದೇ: "ನಿಮ್ಮ ಕಡೆ ಹಳ್ಳಿ ಹುಡುಗ್ರು ಯಾರಾದ್ರೂ ಒಳ್ಳೆ ರ‍್ಯಾಂಕ್ ತಗೊಂಡಾರಾ ನೋಡ್ರಿ." ಅಪ್ಪ ಅಮ್ಮ ಪೇಢೆ ತಿನ್ನಿಸುವ ಫೋಟೊ, ನಾಲ್ಕು ಸಾಲು ಸುದ್ದಿ. ಸೀಟಿನ ಓಡಾಟ ಶುರುವಾಗುವುದು ಆಮೇಲೆ.

ಕಳೆದ ವರ್ಷ ಆ ಓಡಾಟ ನಮ್ಮ ಮನೆಗೇ ಬಂತು. ಅಣ್ಣನ ಮಗಳು ಕೋಚಿಂಗ್ ಇಲ್ಲದೆ ಸಿಇಟಿ ಬರೆದಿದ್ದಳು. ಇಂಜಿನಿಯರಿಂಗಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ. ಒಂದೊಂದಕ್ಕೂ 80 ನಿಮಿಷ, 60 ಪ್ರಶ್ನೆ. ಅದರ ಅಂಕ ಅರ್ಧ, ಪಿಯುಸಿಯ ಇದೇ ಮೂರು ವಿಷಯಗಳ ಅಂಕ ಅರ್ಧ ಸೇರಿ ರ‍್ಯಾಂಕ್. ಅವಳ ರ‍್ಯಾಂಕ್ ಸಾಧಾರಣ. ಶೇ 15ರ ಗ್ರಾಮೀಣ ಕೋಟಾ ಇದೆಯಲ್ಲ ಎಂದು ಅಣ್ಣ ಧೈರ್ಯದಿಂದಿದ್ದ.

ಆ ಕೋಟಾಕ್ಕೆ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ, ಮನೆ ಇರುವ ಜಾಗವಲ್ಲ. ನಮ್ಮೂರ ಸರ್ಕಾರಿ ಶಾಲೆ 7ಕ್ಕೇ ಮುಗಿಯುತ್ತದೆ. ಬಸ್ ಇರುವ ಹೈಸ್ಕೂಲು ಪಟ್ಟಣ ಪಂಚಾಯಿತಿಯೊಳಗಿದೆ. ಮೂರು ವರ್ಷ ಅವಳು ಬೆಳಿಗ್ಗೆ ಎಮ್ಮೆ ಕೊಟ್ಟಿಗೆ ಕಸ ತೆಗೆದು, ಎಂಟರ ಬಸ್ಸಿಗೆ ಓಡಿ ಅಲ್ಲಿಗೆ ಹೋಗಿಬಂದಳು. ಆ ಮೂರು ವರ್ಷದಿಂದ ಕೋಟಾ ಹೋಯಿತು.

"ಕಾಕಾ, ಹಂಗಾರ ನಾ ಹಳ್ಳಿಯಾಕಿ ಅಲ್ಲೇನು?" ಎಂದು ಕೇಳಿದಳು. ನಾನು ಸುಮ್ಮನಿದ್ದೆ.

ಆಸರೆಯಾದದ್ದು ಕನ್ನಡ ಮಾಧ್ಯಮದ ಶೇ 5 ಕೋಟಾ. ಅದಕ್ಕೆ ಶಾಲೆ ಊರಲ್ಲಿದ್ದರೂ ಪೇಟೆಯಲ್ಲಿದ್ದರೂ ನಡೆಯುತ್ತದೆ. ಹತ್ತೂ ವರ್ಷ ಕನ್ನಡದಲ್ಲಿ ಓದಿದ್ದರೆ ಸಾಕು. ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ, ಎಲೆಕ್ಟ್ರಿಕಲ್ ಸಿಕ್ಕಿತು. ಈಗ ಹುಬ್ಬಳ್ಳಿಯಲ್ಲಿ ಓದುತ್ತಿದ್ದಾಳೆ.

ನಿಮ್ಮ ಮನೆಯಲ್ಲಿ 7ನೇ ತರಗತಿಯ ಮಗು ಇದ್ದರೆ ಈಗಲೇ ವಿಚಾರ ಮಾಡಿ. ಹೈಸ್ಕೂಲು ಗ್ರಾಮ ಪಂಚಾಯಿತಿಗೆ ಸೇರಿದ್ದೋ, ಪಟ್ಟಣ ಪಂಚಾಯಿತಿಗೋ ಕೇಳಿ. ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಎರಡೂ ಕೋಟಾ ಹೋಗುತ್ತವೆ, ಅದು ತಿಳಿದೇ ಹಾಕಿ. ಸಿಇಟಿ ಅರ್ಜಿಯಲ್ಲಿ ಕೋಟಾ ಕಾಲಂ ತುಂಬುವಾಗ ಮಗುವಿನ ಪಕ್ಕ ಕೂತುಕೊಳ್ಳಿ.

ಇನ್ನೊಂದು ಮಾತು ಸರ್ಕಾರಕ್ಕೆ. ಊರಲ್ಲಿ ಹೈಸ್ಕೂಲು ಕೊಡದೆ, ಊರಲ್ಲೇ ಓದಿಲ್ಲ ಎಂದು ಮಕ್ಕಳ ಸೀಟು ತಪ್ಪಿಸುವುದು ಯಾವ ನ್ಯಾಯ? ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳುವ ನಾವು 8ನೇ ತರಗತಿಯನ್ನೂ ಕೇಳಬೇಕು.